ಜಡೆ ಬಿದ್ದ ತಲೆಗಳ ಚರಿತ್ರೆ

ನಮ್ಮ ಕಡೆ ಹೆಣ್ಣಿನ ಹಣೇಬರ ಹಣೆಗಿಂತ ನಾಲ್ಕು ಬೆರಳು ಮೇಲೆ, ಕೂದಲಿನಾಗ ಇರತೈತಿ. ಎಣ್ಣಿ ಕಾಣದ, ನೀರು ಕಾಣದ ಒಂದು ಹಿಡಿ ಕೂದಲು ಒಂದಕ್ಕೊಂದು ಹೆಣಕೊಂಡು ಗಂಟಾಯಿತು ಅಂದರೆ ಸಾಕು, ಕೇರಿಗೆ ಕೇರಿಯೇ ಬಂದು ನೋಡುತ್ತಿತ್ತು. ಮುದುಕಿಯೊಬ್ಬಳು ಮುಟ್ಟಿ ನೋಡಿ, ಹಿಂದೆ ಸರಿದು, ಕೈ ಮುಗಿದು, 'ಅವ್ವ ಬಂದಾಳ' ಅಂದುಬಿಡುತ್ತಿದ್ದಳು. ಅಂದಿನಿಂದ ಆ ಹುಡುಗಿಯ ತಲೆಗೆ ಬಾಚಣಿಗೆ ಇಲ್ಲ. ಬಾಚಣಿಗೆ ಇಲ್ಲ ಅಂದಮೇಲೆ ಶಾಲೆ ಇಲ್ಲ, ಗೆಳತಿಯರಿಲ್ಲ, ಕೇಳಿಕೊಂಡು ಬರುವ ಗಂಡಿಲ್ಲ. ಎಂಟೊಂಬತ್ತು ವರ್ಷದ ಪೋರಿಯ ಇಡೀ ಬದುಕು ಒಂದು ಗಂಟಿನಾಗ ಕಟ್ಟಿಬಿದ್ದಿತು.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಈ ಸೀಮೆಯ ದಲಿತ ಕೇರಿಗಳಲ್ಲಿ ಹುಟ್ಟಿದ ನಮಗೆ ಇದು ಪುಸ್ತಕ ಓದಿ ತಿಳಿಯಬೇಕಾದ ಸಂಗತಿ ಅಲ್ಲ. ಆದರೂ ಪುಸ್ತಕದ ಮಾತು ಯಾಕೆ ಎತ್ತಿದೆವು ಅಂದರೆ, ನಮ್ಮ ಮನೆತನಗಳಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರು ನಾವೇ ಮೊದಲು. ಹತ್ತಿ ಚರಿತ್ರೆ ಓದಿದೆವು. ಚಾಲುಕ್ಯರು ಬಂದರು, ಆದಿಲಶಾಹಿ ಬಂತು, ಪೇಶ್ವೆಯರು ಬಂದರು, ಇಂಗ್ರೇಜಿಯವರು ಬಂದರು. ನಮ್ಮ ದೊಡ್ಡವ್ವನ ತಲೆ ಮಾತ್ರ ಯಾವ ಪಾಠದಾಗೂ ಬರಲಿಲ್ಲ. ಬಾರದ ಪಾಠವನ್ನು ಬರೆಯುವ ಪ್ರಯತ್ನ ಇದು.

ದೊಡ್ಡವ್ವ ಅಂದರೆ ನಮ್ಮ ಓಣಿಯ ಕೊನೆಯ ಮನೆಯಾಕೆ. ಓಣಿಯ ಎಲ್ಲಾ ಮಕ್ಕಳಿಗೂ ಆಕೆ ದೊಡ್ಡವ್ವನೇ. ತಲೆಯಿಂದ ಮೂರು ಜಡೆ ಸೊಂಟದ ತನಕ ಇಳಿದಿದ್ದವು, ಹುರಿ ಹೊಸೆದ ಮಿಣಿ ಹಗ್ಗದ ಹಂಗ. ಭಂಡಾರ ಬಡಿದು ಬಡಿದು ಅವುಗಳ ಬಣ್ಣ ಮಣ್ಣಿನ ಬಣ್ಣವಾಗಿತ್ತು. ಮಂಗಳವಾರ, ಶುಕ್ರವಾರ ಪಡ್ಡಲಗಿ ಹೊತ್ತು ಜೋಗ ಬೇಡಲು ಹೊರಟಳೆಂದರೆ ಊರ ಗೌಡಕಿಯ ಸೊಸೆಯಂದಿರೂ ಹೊರಗೆ ಬಂದು ಆಕೆಯ ಕಾಲಿಗೆ ನೀರು ಹಾಕಿ ನಮಸ್ಕಾರ ಮಾಡುತ್ತಿದ್ದರು. ನಮಸ್ಕಾರ ಮಾಡಿದ ಅದೇ ಕೈ ಜೋಳದ ಹಿಟ್ಟನ್ನು ಮೊಳದೆತ್ತರದಿಂದ ಸುರಿಯುತ್ತಿತ್ತು, ಪಡ್ಡಲಗಿಗೆ ತಾಗದ ಹಂಗ. ಮದುವೆಯ ಮುಂಜಾನೆ ಆಕೆ ಎದುರು ಬಂದರೆ ಶಕುನ. ಅದೇ ಮದುವೆಯ ಪಂಕ್ತಿಯಲ್ಲಿ ಕೂತರೆ ಮೈಲಿಗೆ. ಬಸ್ಸಿನಲ್ಲಿ ಆಕೆಯ ಪಕ್ಕದ ಸೀಟು ಯಾವಾಗಲೂ ಖಾಲಿ. ಚಿಕ್ಕವರಿದ್ದಾಗ ನಾವೂ ಆಕೆಯ ಪಕ್ಕ ಕೂತವರಲ್ಲ. ಹೇಳಬೇಕಾದ್ದನ್ನು ಹೇಳಲೇಬೇಕು: ನಮಗೂ ಆ ಜಡೆ ಕಂಡರೆ ಅಂಜಿಕೆ, ಆ ವಾಸನೆ ಕಂಡರೆ ಹೇಸಿಕೆ.

ಜಡೆ ಬೀಳೋದು ಅಂದರೇನು ಅನ್ನೋದನ್ನು ಮೊದಲು ಬಿಡಿಸಿ ನೋಡಬೇಕು. ಕೂದಲಿನ ಮೇಲ್ಮೈ ನುಣುಪಲ್ಲ. ಮೀನಿನ ಮೈಯ ಹಾಗೆ ಅದಕ್ಕೆ ಸಣ್ಣ ಸಣ್ಣ ಹುರುಪೆ ಇರುತ್ತವೆ. ತೊಳೆಯದೆ, ಬಾಚದೆ, ಎಣ್ಣೆ ಹಚ್ಚದೆ ಬಿಟ್ಟ ಕೂದಲು ತಲೆದಿಂಬಿಗೆ, ಹೊರೆಗೆ, ಸಿಂಬಿಗೆ ತಿಕ್ಕಿ ತಿಕ್ಕಿ ಆ ಹುರುಪೆಗಳು ಒಂದರೊಳಗೊಂದು ಸಿಕ್ಕಿಕೊಳ್ಳುತ್ತವೆ. ಕುರಿಯ ಉಣ್ಣೆ ಒದ್ದೆಯಾಗಿ ತಿಕ್ಕಿದರೆ ಕಂಬಳಿಯ ಹಾಗೆ ಗಟ್ಟಿಯಾಗುವುದು ಇದೇ ಕಾರಣಕ್ಕೆ. ಅದರ ಮೇಲೆ ಬೆವರು, ಧೂಳು, ಹೇನು-ಸೀರು, ತಲೆಯ ಗಾಯದ ಕೀವು ಕೂಡಿದರೆ ಅಂಟು ಬಿಗಿಯುತ್ತದೆ. ವೈದ್ಯರು ಇದಕ್ಕೆ ಪ್ಲಿಕಾ ಅಂತ ಹೆಸರಿಟ್ಟಿದ್ದಾರೆ. ಜಳಕಕ್ಕೆ ನೀರಿಲ್ಲದ ಕೇರಿ, ಊರ ಬಾವಿ ಮುಟ್ಟಗೊಡದ ಊರು, ರೊಟ್ಟಿಗೇ ಎಣ್ಣೆ ಇಲ್ಲದ ಮನೆ, ಬೆಳಗ್ಗೆ ಹೊಲಕ್ಕೆ ಹೋಗಿ ಕತ್ತಲಾದ ಮೇಲೆ ಬರುವ ತಾಯಿ: ಮಗಳ ತಲೆ ಬಾಚುವವರು ಯಾರು?

ಮೊದಲ ಗಂಟು ಹೀಗೆ ಬಡತನದಿಂದ ಬೀಳುತ್ತದೆ. ಉಳಿದದ್ದನ್ನೆಲ್ಲ ಬೆಳೆಸುವವರು ನೋಡುವವರು. ದೇವಿಯ ಗುರುತು ಅಂದ ಕೂಡಲೇ ಅದನ್ನು ತೊಳೆಯುವ ಹಾಗಿಲ್ಲ, ಬಿಡಿಸುವ ಹಾಗಿಲ್ಲ, ಕತ್ತರಿ ಹಚ್ಚಿದರೆ ಮನೆಯಲ್ಲಿ ಹೆಣ ಬೀಳುತ್ತದೆ, ಕೂದಲಿನಿಂದ ರಕ್ತ ಸುರಿಯುತ್ತದೆ, ಹಾವು ಬರುತ್ತದೆ. ಮಂಗಳವಾರಕ್ಕೊಮ್ಮೆ ಅದಕ್ಕೆ ಭಂಡಾರ ಬಡಿಯಬೇಕು. ಅರಿಷಿಣ ಹಿಡಿದು ಗಂಟು ಇನ್ನೂ ಗಟ್ಟಿ. ಒಂದು ಜಡೆ ಎರಡಾಗುತ್ತದೆ, ಎರಡು ಐದಾಗುತ್ತದೆ. ಆಗ ಜನ ಹೇಳುತ್ತಾರೆ, ನೋಡ್ರಿ, ಅವ್ವ ಬೆಳೀಲಿಕ್ಕತ್ತಾಳ. ಜಡೆಯ ಭಾರಕ್ಕೆ ಕುತ್ತಿಗೆ ಬಾಗಿ, ತಲೆಯ ಚರ್ಮ ಹುಣ್ಣಾಗಿ, ರಾತ್ರಿ ಮಗ್ಗುಲಾಗಿ ಮಲಗಲಿಕ್ಕೆ ಬರದೆ ಹುಡುಗಿ ನರಳಿದರೆ ಅದೂ ಅವ್ವನ ಕಾಟವೇ.

ಇದೇ ಜಡೆ ಯಾರ ತಲೆಯ ಮೇಲಿದೆ ಅನ್ನೋದರ ಮೇಲೆ ಅದರ ಅರ್ಥ ಬದಲಾಗುತ್ತದೆ. ಕುಂಭಮೇಳದ ಸಾಧುವಿನ ತಲೆಯ ಮೇಲಿದ್ದರೆ ತಪಸ್ಸು, ಪಟದ ಶಿವನ ತಲೆಯ ಮೇಲಿದ್ದರೆ ಗಂಗೆ. ಮೇಲುಜಾತಿಯ ಮನೆಯ ಹೆಣ್ಣಿಗೆ ಬಿದ್ದರೆ ಒಂದು ಹರಕೆ, ಒಂದು ಪೂಜೆ, ಗುಡ್ಡಕ್ಕೆ ಒಂದು ಯಾತ್ರೆ, ಅಲ್ಲಿಗೆ ಮುಗಿಯಿತು. ನಮ್ಮ ಕೇರಿಯ ಹುಡುಗಿಗೆ ಬಿದ್ದರೆ ಕೊರಳಿಗೆ ಕೆಂಪು-ಬಿಳಿ ಮುತ್ತು ಬೀಳುತ್ತಿತ್ತು. ಗಂಟು ಒಂದೇ. ಬಿಚ್ಚುವವರ ಹತ್ತಿರ ದುಡ್ಡಿದೆಯೋ ಇಲ್ಲವೋ, ಹೊಲ ಇದೆಯೋ ಇಲ್ಲವೋ ಅನ್ನೋದೇ ವ್ಯತ್ಯಾಸ.

ಇನ್ನೊಂದು ಕಡೆಯಿಂದಲೂ ನೋಡಬೇಕು. ನಮ್ಮ ಹುಡುಗಿಯರ ಕೂದಲು ಕತ್ತರಿಸಬಾರದು ಎಂದ ಸಮಾಜವೇ ಬ್ರಾಹ್ಮಣ ವಿಧವೆಯ ಕೂದಲು ಉಳಿಸಬಾರದು ಎಂದಿತ್ತು. ಹನ್ನೆರಡು ವರ್ಷದ ವಿಧವೆಯನ್ನು ಕೂರಿಸಿ ತಲೆ ಬೋಳಿಸಿ, ಕೆಂಪು ಸೀರೆ ಉಡಿಸಿ, ಕಂಡವರು ಮುಖ ತಿರುವಬೇಕು ಅಂತಲೇ ಆಕೆಯ ರೂಪ ಕೆಡಿಸುತ್ತಿದ್ದರು. 1890ರಲ್ಲಿ ಮುಂಬೈಯಲ್ಲಿ ಜ್ಯೋತಿಬಾ ಫುಲೆಯವರ ಸಂಗಾತಿ ನಾರಾಯಣ ಮೇಘಾಜಿ ಲೋಖಂಡೆ ಕ್ಷೌರಿಕರನ್ನು ಒಟ್ಟುಗೂಡಿಸಿದರು. ಇನ್ನು ಮುಂದೆ ವಿಧವೆಯರ ತಲೆಗೆ ನಮ್ಮ ಕತ್ತಿ ಹಚ್ಚುವುದಿಲ್ಲ ಎಂದು ಆ ಕ್ಷೌರಿಕರು ನಿಶ್ಚಯ ಮಾಡಿದರು. ಧರ್ಮಶಾಸ್ತ್ರ ಓದದ ಹಜಾಮರು ಧರ್ಮಶಾಸ್ತ್ರಿಗಳಿಗೆ ಪಾಠ ಕಲಿಸಿದ ಪ್ರಸಂಗ ಇದು. ಒಬ್ಬಳ ತಲೆ ಬೋಳಿಸಿ ದೂರ ಇಟ್ಟರು, ಇನ್ನೊಬ್ಬಳ ತಲೆಗೆ ಕತ್ತರಿ ತಾಗಿಸದೆ ದೂರ ಇಟ್ಟರು.

ಎಲ್ಲಮ್ಮನ ಕತೆಯನ್ನೇ ನೋಡ್ರಿ. ಚೌಡಿಕಿ ಬಾರಿಸುತ್ತ ನಮ್ಮ ಜೋಗತಿಯರು ಹಾಡಿಕೊಂಡು ಬಂದ ಕತೆ. ರೇಣುಕೆ ಹೊಳೆಯಲ್ಲಿ ಜಲಕ್ರೀಡೆ ಕಂಡು ಒಂದು ಗಳಿಗೆ ಮೈಮರೆತಳು, ಮರಳಿನ ಕೊಡ ನಿಲ್ಲಲಿಲ್ಲ, ಜಮದಗ್ನಿ ಶಾಪ ಕೊಟ್ಟ. ಮೈಯೆಲ್ಲ ಹುಣ್ಣೆದ್ದು, ಕೀವು ಸುರಿದು, ಹೆತ್ತ ಮಕ್ಕಳೂ ಮೂಗು ಮುಚ್ಚಿಕೊಂಡರು. ಕಾಡಿಗೆ ಬಿದ್ದ ಆಕೆಯನ್ನು ಹತ್ತಿರ ಕರೆದು, ಜೋಗುಳ ಬಾವಿಯ ನೀರು ಹಾಕಿ, ಅರಿಷಿಣ ಹಚ್ಚಿ ವಾಸಿ ಮಾಡಿದವರು ಎಕ್ಕಯ್ಯ, ಜೋಗಯ್ಯ ಎಂಬ ಇಬ್ಬರು. ಆಮೇಲೆ ಪರಶುರಾಮನ ಕೊಡಲಿ, ಮಾತಂಗಿಯ ತಲೆ, ಅದಲುಬದಲಾದ ರುಂಡ-ಮುಂಡ. ಹೊಲಗೇರಿಯ ಮಾತಂಗಿ ಇಲ್ಲದೆ ಈ ಕತೆ ನಡೆಯೋದೇ ಇಲ್ಲ. ಅಂದರೆ ನಾವು ಪೂಜಿಸುವ ದೇವಿ, ಮೈಯ ರೂಪ ಕೆಟ್ಟಿತೆಂದು ಮನೆಯಿಂದ ಹೊರದಬ್ಬಿಸಿಕೊಂಡ ಹೆಂಗಸು. ಆಕೆಯ ಹೆಸರಿನಲ್ಲಿಯೇ ಕೂದಲು ಗಂಟಾದ ಹುಡುಗಿಯನ್ನು ಹೊರದಬ್ಬುವುದನ್ನು ನಮಗೆ ಕಲಿಸಿದವರು ಯಾರು?

ಸವದತ್ತಿಯ ಗುಡ್ಡದ ಗುಡಿಯನ್ನು 1514ರಲ್ಲಿ ರಾಯಬಾಗದ ಬೊಮ್ಮಪ್ಪ ನಾಯಕ ಕಟ್ಟಿಸಿದನೆಂದು ಹೇಳುತ್ತಾರೆ. ಅಲ್ಲಿಗೆ ಹೋಗಲಾಗದವರಿಗೆ ಅಥಣಿ ತಾಲ್ಲೂಕಿನ ಕೊಕಟನೂರ ಎಲ್ಲಮ್ಮ ಇದ್ದಾಳೆ. ರಾಯಬಾಗದ ಚಿಂಚಲಿಯಲ್ಲಿ ಮಾಯಕ್ಕ ಇದ್ದಾಳೆ. ಈ ಜಾತ್ರೆಗಳಿಗೆ ಗಡಿ ಎಂಬುದಿಲ್ಲ. ಕೊಲ್ಹಾಪುರ, ಸಾಂಗ್ಲಿ, ಮಿರಜದಿಂದ ಗಾಡಿ ಕಟ್ಟಿ ಬರುತ್ತಿದ್ದರು, ಈಗ ಟ್ರ್ಯಾಕ್ಟರ್, ಟೆಂಪೋ. ಮರಾಠಿಯ 'ಜಟ' ನಮ್ಮ 'ಜಡೆ', ಅವರ ಜೋಗತೀಣ ನಮ್ಮ ಜೋಗತಿ. ಬೆಳಗಾವಿ ಯಾರದು ಅಂತ ಎರಡೂ ಕಡೆಯ ಪುಢಾರಿಗಳು ಕಚ್ಚಾಡಿದ್ದೇ ಕಚ್ಚಾಡಿದ್ದು. ಮುತ್ತು ಕಟ್ಟಿಸಿಕೊಂಡ ಹುಡುಗಿ ಯಾರವಳು ಅಂತ ಮಾತ್ರ ಯಾವ ಕಡೆಯವರೂ ಕೇಳಲಿಲ್ಲ.

ಜಡೆಯೊಂದೇ ಕಾರಣ ಅಂದರೆ ಸುಳ್ಳಾಗುತ್ತದೆ. ಗಂಡು ಹುಟ್ಟಲಿಲ್ಲ, ಮನೆ ನಡೆಸಲು ಮಗಳನ್ನೇ ಮಗನನ್ನಾಗಿ ಮಾಡಿಕೊಳ್ಳಬೇಕು ಅಂತ ಬಿಟ್ಟರು. ಜಡ್ಡು ಬಂತು ಅಂತ ಬಿಟ್ಟರು. ತಾಯಿಯೂ ಬಿಟ್ಟವಳೇ ಆಗಿದ್ದಳು ಅಂತ ಬಿಟ್ಟರು. ಬರಗಾಲ ಬಂತು, ಸಾಲ ಆಯಿತು, ಗೌಡನ ಕಣ್ಣು ಬಿತ್ತು. ಆದರೆ ಈ ಕಾರಣಗಳನ್ನೆಲ್ಲ ಮನೆಯವರು ಹೇಳಿಕೊಳ್ಳಬೇಕಿತ್ತು. ಜಡೆಗೆ ಹೇಳುವ ಗರಜು ಇರಲಿಲ್ಲ. ಅದು ದೂರದಿಂದಲೇ ಕಾಣುತ್ತಿತ್ತು. ತಂದೆ-ತಾಯಿಗೆ ಮನಸ್ಸಿಲ್ಲದಿದ್ದರೂ ಓಣಿ ಬಿಡುತ್ತಿರಲಿಲ್ಲ. ಮಳೆ ಬರಲಿಲ್ಲ, ನಿನ್ನ ಮಗಳಿಂದ. ಎಮ್ಮೆ ಸತ್ತಿತು, ನಿನ್ನ ಮಗಳಿಂದ. ಅವ್ವನ ಋಣ ಮನೆಯಾಗ ಇಟಗೊಂಡು ಕೂತೀರಿ. ಮುತ್ತು ಕಟ್ಟಿದ ಮೇಲೆ ಆ ಹುಡುಗಿ ಮೈನೆರೆಯುವುದನ್ನೇ ಕಾಯುವವರಿದ್ದರು. ಒಬ್ಬ ಇಟ್ಟುಕೊಂಡ, ಬಿಟ್ಟ. ಆಮೇಲೆ ಕಾಗವಾಡ ದಾಟಿದರೆ ಮಿರಜ, ಮಿರಜದಿಂದ ರೈಲು, ರೈಲಿನ ತುದಿಯಲ್ಲಿ ಮುಂಬೈಯ ಕಾಮಾಠಿಪುರ. ಗಿರಾಕಿಗೆ ಜಡೆ ಬೇಕಾಗಿರಲಿಲ್ಲ. ಕತ್ತರಿಸಿದರೆ ಹೆಣ ಬೀಳುತ್ತದೆ ಎಂದ ಅದೇ ಕೂದಲು ಅಲ್ಲಿ ಸದ್ದಿಲ್ಲದೆ ಕತ್ತರಿಸಿ ಹೋಗುತ್ತಿತ್ತು, ಯಾವ ದೇವಿಯೂ ಬಂದು ಕೇಳುತ್ತಿರಲಿಲ್ಲ.

ಇದು ನಮ್ಮ ಮಣ್ಣಿನ ಮೌಢ್ಯ, ನಮ್ಮ ಜನರ ತಲೆಯೇ ಹಂಗ ಅಂತ ಅನ್ನುವ ಮೇಷ್ಟರುಗಳಿಗೆ ಒಂದು ಮಾತು. ವೈದ್ಯರು ಈ ರೋಗಕ್ಕೆ ಇಟ್ಟ ಪೂರ್ತಿ ಹೆಸರು ಪ್ಲಿಕಾ ಪೊಲೊನಿಕಾ, ಅಂದರೆ ಪೋಲೆಂಡ್ ದೇಶದ ಜಡೆ. ಯುರೋಪಿನ ಆ ದೇಶದ ರೈತಾಪಿ ಜನರಲ್ಲಿ ನೂರಾರು ವರ್ಷ ಇದೇ ನಂಬಿಕೆ ಇತ್ತು: ಮೈಯೊಳಗಿನ ರೋಗ ಜಡೆಯಾಗಿ ಹೊರಬರುತ್ತದೆ, ಕತ್ತರಿಸಿದರೆ ಕಣ್ಣು ಹೋಗುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಕ್ರಾಕೋವ್ ಊರಿನ ವೈದ್ಯ ಯೋಜೆಫ್ ಡೀಟ್ಲ್ ಇದರ ವಿರುದ್ಧ ಹೋರಾಡಿದ. ಜಡೆ ಇದ್ದವರನ್ನು ಎಣಿಸಿಸಿದ, ದಂಡ ಹಾಕಬೇಕೆಂದ. ಜಡೆಗೆ ಸರಕಾರ ತೆರಿಗೆ ಹಾಕುತ್ತದೆ ಎಂಬ ಪುಕಾರು ಹಬ್ಬಿ ಜನ ತಾವೇ ಕತ್ತರಿ ಹುಡುಕಿದರಂತೆ. ಓದಿ ನಕ್ಕೆವು. ಆಮೇಲೆ ನಗು ನಿಂತಿತು. ಯಾಕಂದರೆ ಜಡೆ ಇದ್ದವರಿಗೆ ಧರ್ಮಾರ್ಥದ ಸಹಾಯ ಇಲ್ಲ, ಶಾಲೆ-ಕಚೇರಿಗಳೊಳಗೆ ಪ್ರವೇಶ ಇಲ್ಲ ಅಂತಲೂ ಅಲ್ಲಿ ಮಾಡಿದ್ದರು. ಮೌಢ್ಯ ಓಡಿಸಲು ಹೊರಟವರೂ ಮೊದಲು ಓಡಿಸಿದ್ದು ಆ ಬಡವರನ್ನೇ.

ನಮ್ಮಲ್ಲಿ ಆದದ್ದೂ ಬೇರೆಯಲ್ಲ. ನಮ್ಮ ಗೆಳತಿಯೊಬ್ಬಳು ಮೂರನೇ ಇಯತ್ತೆಯಲ್ಲಿದ್ದಾಗ ಕಿವಿಯ ಹಿಂದೆ ಹೆಬ್ಬೆರಳು ಗಾತ್ರದ ಗಂಟು ಬಿದ್ದಿತ್ತು. ಶಾಲೆಯ ಬಾಯಿಯವರು ಆಕೆಯನ್ನು ಕೊನೆಯ ಸಾಲಿಗೆ, ಆಮೇಲೆ ಬಾಗಿಲ ಹತ್ತಿರಕ್ಕೆ, ಆಮೇಲೆ ಹೊರಗೆ ಕಳಿಸಿದರು. ತಲೆ ಸ್ವಚ್ಛ ಮಾಡಿಕೊಂಡು ಬಾ ಅಂದರು. ಹೇಗೆ ಮಾಡಿಕೊಳ್ಳಬೇಕೆಂದು ಹೇಳಲಿಲ್ಲ. ಆ ಬಾಯಿಯವರಿಗೆ ದೇವಿಯ ಮೇಲೆ ನಂಬಿಕೆ ಇರಲಿಲ್ಲ, ಶುಚಿತ್ವದ ಮೇಲೆ ಇತ್ತು. ಕೇರಿಗೆ ದೇವಿಯ ಮೇಲೆ ನಂಬಿಕೆ ಇತ್ತು. ಇಬ್ಬರೂ ಸೇರಿ ಹುಡುಗಿಯನ್ನು ಒಂದೇ ಮೂಲೆಗೆ ತಳ್ಳಿದರು. ಹಳ್ಳಿಯ ಶಾಲೆಗಳಲ್ಲಿ ಪಾಠ ಹೇಳುವ ಗೆಳೆಯರು ಇದನ್ನು ಓದುತ್ತಿದ್ದರೆ, ನಿಮ್ಮ ತರಗತಿಯ ಬಾಗಿಲ ಹತ್ತಿರ ಯಾರು ಕೂತಿದ್ದಾರೆ ಅಂತ ಒಂದು ಸಲ ನೋಡ್ರಿ.

ಕಂಡದ್ದೇ ಕುಲ ಎನ್ನುವ ಈ ನೋಟವನ್ನು ಸರಿಯಾಗಿ ಅರ್ಥ ಮಾಡಿಕೊಂಡವರು ಬಾಬಾಸಾಹೇಬರು. 1925ರ ಏಪ್ರಿಲ್‌ನಲ್ಲಿ ಅವರು ನಮ್ಮ ನಿಪ್ಪಾಣಿಗೇ ಬಂದಿದ್ದರು. ಮುಂಬೈ ಇಲಾಖೆಯ ಬಹಿಷ್ಕೃತರ ಪ್ರಾಂತಿಕ ಪರಿಷತ್ತಿನ ಅಧ್ಯಕ್ಷತೆ ವಹಿಸಿದ್ದರು. ಆಗ ಅವರಿಗೆ 33ರ ಹರೆಯ. ಎರಡು ವರ್ಷದ ನಂತರ, 1927ರ ಡಿಸೆಂಬರಿನಲ್ಲಿ, ಮನುಸ್ಮೃತಿ ಸುಟ್ಟ ಮಹಾಡದಲ್ಲಿಯೇ ಅವರು ಹೆಂಗಸರನ್ನು ಕೂರಿಸಿಕೊಂಡು ಮಾತಾಡಿದರು. ನೀವು ಸೀರೆ ಉಡುವ ರೀತಿ, ಕೊರಳ ತುಂಬ ಹಾಕುವ ಸರ, ಮೊಣಕೈ ತನಕ ಏರಿಸುವ ಕಂಚು-ಬೆಳ್ಳಿಯ ಕಡಗ, ಇವೆಲ್ಲ ನಿಮ್ಮನ್ನು ದೂರದಿಂದಲೇ ಗುರುತಿಸಲಿಕ್ಕೆ ಹಾಕಿದ ಮುದ್ರೆಗಳು, ತೆಗೆದು ಒಗೆಯಿರಿ ಎಂಬರ್ಥದಲ್ಲಿ ಹೇಳಿದರು. ಹೆಂಗಸರು ಅಲ್ಲಿಯೇ ಸೀರೆ ಉಡುವ ಬಗೆ ಬದಲಿಸಿಕೊಂಡರು. ಸೀರೆಯ ನೆರಿಗೆ ಬದಲಾದರೆ ಜಾತಿ ಹೋಗುತ್ತದೆಯೇ ಅಂತ ಕೆಲವು ಬುದ್ಧಿವಂತರು ಕೇಳಿದ್ದುಂಟು. ಜಾತಿ ಹೋಗಲಿಕ್ಕಿಲ್ಲ. ಆದರೆ ದಾರಿಯಲ್ಲಿ ಎದುರಾದವನು ಸರಿದು ನಿಲ್ಲುವ ಮೊದಲು ಎರಡು ಗಳಿಗೆ ಯೋಚಿಸಬೇಕಾಗುತ್ತದೆ. ಆ ಎರಡು ಗಳಿಗೆ ನಮಗೆ ಸಾವಿರ ವರ್ಷ ಸಿಕ್ಕಿರಲಿಲ್ಲ.

1936ರ ಜೂನ್‌ನಲ್ಲಿ ಅವರು ಮುಂಬೈಯ ದಾಮೋದರ ಹಾಲಿನಲ್ಲಿ ಕಾಮಾಠಿಪುರದ ಜೋಗತಿ, ಮುರಳಿ, ದೇವದಾಸಿಯರ ಎದುರೇ ನಿಂತು ಮಾತಾಡಿದರು. ಈ ಬಾಳು ಬಿಟ್ಟು ಬರ್ರಿ, ಕಷ್ಟವಾದರೂ ಬೇರೆ ಹೆಂಗಸರ ಹಾಗೆ ದುಡಿದು ಬದುಕ್ರಿ ಅಂದರು. ಕಠಿಣವಾದ ಮಾತು ಅದು. ಆದರೆ ಅಂಥ ಹೆಂಗಸರನ್ನು ಸಭೆ ಕರೆದು, ಎದುರು ಕೂರಿಸಿ, ನಾಗರಿಕರೆಂದು ತಿಳಿದು ಮಾತಾಡಿದ ಮುಖಂಡರು ಆ ಕಾಲದಲ್ಲಿ ಎಷ್ಟು ಜನ ಇದ್ದರು? ನಮ್ಮ ಸೀಮೆಯಿಂದ ಹೋದ ಹೆಂಗಸರೂ ಅಲ್ಲಿ ಕೂತಿದ್ದಿರಬೇಕು ಅಂತ ನಮಗೆ ಯಾವಾಗಲೂ ಅನಿಸುತ್ತದೆ. ಬುದ್ಧನ ಕಾಲದಲ್ಲೂ ಇಂಥದೇ ಒಂದು ಪ್ರಸಂಗ ಇದೆ. ಉರುವೇಲದಲ್ಲಿ ಕಾಶ್ಯಪ ಎಂಬ ಮೂವರು ಅಣ್ಣತಮ್ಮಂದಿರು ಜಟಿಲರು, ಅಂದರೆ ಜಡೆ ಬಿಟ್ಟ ತಪಸ್ವಿಗಳು. ಬುದ್ಧನ ಮಾತು ಕೇಳಿ ತಮ್ಮ ಸಾವಿರ ಶಿಷ್ಯರ ಜೊತೆಗೆ ಜಡೆ ಕತ್ತರಿಸಿ ನೇರಂಜರಾ ಹೊಳೆಗೆ ಬಿಟ್ಟರು. ಹೊಳೆಯ ತುಂಬ ಜಡೆಗಳು ತೇಲಿಹೋದವು. ನಮ್ಮ ದೂಧಗಂಗೆ, ವೇದಗಂಗೆ, ಕೃಷ್ಣೆಗಳಿಗೆ ಆ ಭಾಗ್ಯ ಬರಲು ಇನ್ನೂ ಎರಡೂವರೆ ಸಾವಿರ ವರ್ಷ ಬೇಕಾಯಿತು.

ಕಾನೂನುಗಳ ಕತೆ ಬೇಗ ಹೇಳಿ ಮುಗಿಸಬಹುದು, ಅವು ಕೆಲಸ ಮಾಡಿದ್ದೂ ಅಷ್ಟೇ. ರಾಯಬಾಗ ಆಗ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿತ್ತು. 1920ರಲ್ಲಿಯೇ ಶಾಹೂ ಮಹಾರಾಜರು ಜೋಗತಿ ಪದ್ಧತಿಯ ವಿರುದ್ಧ ಕಾಯಿದೆ ತಂದರು. 1934ರಲ್ಲಿ ಮುಂಬೈ ಸರಕಾರದ ದೇವದಾಸಿ ರಕ್ಷಣಾ ಕಾಯಿದೆ ಬಂತು, ಚಿಕ್ಕೋಡಿ-ಅಥಣಿಗಳಿಗೂ ಅನ್ವಯವಾಯಿತು. 1982ರಲ್ಲಿ ಕರ್ನಾಟಕದ ನಿಷೇಧ ಕಾಯಿದೆ ಪಾಸಾಗಿ, 1984ರಲ್ಲಿ ಜಾರಿಗೆ ಬಂತು. ಮುತ್ತು ಕಟ್ಟಿದವರಿಗೆ ಮೂರು ವರ್ಷದ ತನಕ ಸಜೆ. ಕಟ್ಟಿಸಿದ ತಂದೆ-ತಾಯಿಗೆ ಐದು ವರ್ಷದ ತನಕ. ಗಮನಿಸ್ರಿ, ಕೂಲಿ ಮಾಡುವ ತಾಯಿಗೆ ಹೆಚ್ಚು, ಪೂಜಾರಿಗೆ ಕಡಿಮೆ. ಗುಡ್ಡದಲ್ಲಿ ನಡೆಯುತ್ತಿದ್ದದ್ದು ಮನೆಯ ಒಳಗೆ, ರಾತ್ರಿ ಹೊತ್ತು ನಡೆಯತೊಡಗಿತು. 1993–94ರ ಸರಕಾರಿ ಸಮೀಕ್ಷೆಯಲ್ಲಿ ರಾಜ್ಯದಲ್ಲಿ 22,873 ದೇವದಾಸಿಯರು ಲೆಕ್ಕಕ್ಕೆ ಸಿಕ್ಕರು. 2007–08ರಲ್ಲಿ ಮತ್ತೆ ಎಣಿಸಿದಾಗ ಮೊದಲ ಪಟ್ಟಿಯಲ್ಲಿ ಇರದ 23,787 ಜನ ಸಿಕ್ಕರು. ಮೊದಲ ಸಲ ಎಣಿಸಿದಾಗ ಇವರು ಯಾರ ಕಣ್ಣಿಗೂ ಬಿದ್ದಿರಲಿಲ್ಲ ಅನ್ನೋದು ಒಂದು ವಿಚಿತ್ರ, ಜಡೆ ಮಾತ್ರ ಊರಿಗೆಲ್ಲ ಕಾಣುತ್ತಿತ್ತಲ್ಲ.

ಕಾಯಿದೆಗಿಂತ ಮುಂಚೆ ಚಳವಳಿ ಎದ್ದಿತ್ತು. 1975ರಲ್ಲಿ ನಿಪ್ಪಾಣಿಯ ಪಕ್ಕದ ಗಡಹಿಂಗ್ಲಜದಲ್ಲಿ ಮಹಾತ್ಮಾ ಫುಲೆ ಸಮತಾ ಪ್ರತಿಷ್ಠಾನದವರು ದೇವದಾಸಿಯರ ಪರಿಷತ್ತು ನಡೆಸಿದರು. ಪುಣೆಯ ಬಾಬಾ ಆಢಾವ, ಗಡಹಿಂಗ್ಲಜದ ವಿಠ್ಠಲ ಬನ್ನೆ ಇದರ ಹಿಂದೆ ಇದ್ದರು. ನಿಪ್ಪಾಣಿಯಲ್ಲಿ ತಂಬಾಕಿನ ವಖಾರಿಗಳ ಹೆಂಗಸರು ಸುಭಾಷ ಜೋಶಿಯವರ ಜೊತೆ ಯೂನಿಯನ್ ಕಟ್ಟಿದರು. ಆ ವಖಾರಿಗಳ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲಾರೆವು. ಇಡೀ ದಿನ ತಂಬಾಕು ಕುಟ್ಟಿ, ಜಾಳಿಸಿ, ಅದರ ಧೂಳಿನಲ್ಲಿ ಕೂತ ಹೆಂಗಸರ ಮೈ, ಸೀರೆ, ಕೂದಲು, ಎದೆಹಾಲು ಕೂಡ ಘಾಟು. ಸಂತೆಯಲ್ಲಿ ಜನ ಸರಿದು ನಿಲ್ಲುತ್ತಿದ್ದರು. 1982ರಲ್ಲಿ ಯುಗಾಂತರ್ ತಂಡದವರು ಇವರ ಹೋರಾಟದ ಮೇಲೆ ಚಿತ್ರ ಮಾಡಿದಾಗ ಆ ಹೆಂಗಸರು ಕ್ಯಾಮೆರಾದ ಎದುರು ಸೆರಗು ಸರಿಮಾಡಿಕೊಳ್ಳದೆ, ಮುಖ ಮುಚ್ಚಿಕೊಳ್ಳದೆ ಮಾತಾಡಿದ್ದಾರೆ. 1981ರ ಏಪ್ರಿಲ್‌ನಲ್ಲಿ ಹೆದ್ದಾರಿಯಲ್ಲಿ ಗೋಲಿಬಾರಿಗೆ ಬಲಿಯಾದ ತಂಬಾಕು ರೈತರ ನೆನಪು ನಿಪ್ಪಾಣಿಗೆ ಇದೆ, ಇರಬೇಕು. ವಖಾರಿಯ ಹೆಂಗಸರ ನೆನಪು ಯಾಕಿಲ್ಲ ಅನ್ನೋದು ನಮ್ಮ ತಕರಾರು.

ನಮ್ಮ ಚಳವಳಿಯ ತಪ್ಪನ್ನೂ ಬರೆಯಬೇಕು. 1986ರ ಮಾರ್ಚ್‌ನಲ್ಲಿ ಚಂದ್ರಗುತ್ತಿಯ ರೇಣುಕಾಂಬೆಯ ಜಾತ್ರೆಯಲ್ಲಿ ಬೆತ್ತಲೆ ಸೇವೆ ತಡೆಯಲು ಹೋದ ದಲಿತ ಸಂಘರ್ಷ ಸಮಿತಿಯ ಗೆಳೆಯರು, ಪೊಲೀಸರು ಭಕ್ತರ ಕೈಯಲ್ಲಿ ಪೆಟ್ಟು ತಿಂದರು, ಬಟ್ಟೆ ಕಳೆದುಕೊಂಡರು. ಅವರ ಧೈರ್ಯದ ಮೇಲೆ ನಮಗೆ ಗೌರವ ಇದೆ. ಆ ಹೊಡೆದ ಕೈಗಳು ನಮ್ಮವರ ಕೈಗಳೇ ಆಗಿದ್ದವು ಎಂಬುದು ಮಾತ್ರ ಈಗಲೂ ಎದೆಯಲ್ಲಿ ಚುಚ್ಚುತ್ತದೆ. ಜಡೆಯ ವಿಷಯದಲ್ಲೂ ಕತ್ತರಿ ಹಿಡಿದು ಹೋದವರು ಎಷ್ಟೋ ಸಲ ಜಡೆಯನ್ನಷ್ಟೇ ಕಂಡರು, ಅದರ ಕೆಳಗಿದ್ದವಳ ಮಾತು ಕೇಳಲಿಲ್ಲ. ಶ್ರೀಲಂಕಾದ ಮಾನವಶಾಸ್ತ್ರಜ್ಞ ಗಣನಾಥ ಒಬೆಯಸೇಕರ 1981ರಲ್ಲಿ ಕತರಗಾಮದ ಜಡೆ ಬಿಟ್ಟ ಹೆಂಗಸರ ಬಗ್ಗೆ ಒಂದು ಪುಸ್ತಕವನ್ನೇ ಬರೆದರು. ಎದೆಯೊಳಗೆ ಸಂಕಟ ಇಟ್ಟುಕೊಂಡ ಹೆಂಗಸರಿಗೆ ಆ ಜಡೆಯೇ ಒಂದು ಆಸರೆಯೂ ಆಗಿತ್ತೆಂದು ಅವರಿಗೆ ಕಂಡಿತ್ತು. ನಮ್ಮ ದೊಡ್ಡವ್ವನೂ ಅದನ್ನೇ ಬೇರೆ ರೀತಿ ಹೇಳುತ್ತಿದ್ದಳು: 'ಇದು ಇರೂತನಕ ನನ್ನ ಮೈಮ್ಯಾಲ ಕುಡುಕರ ಕೈ ಬೀಳೂದಿಲ್ಲ. ಇದು ಹ್ವಾದರ ಜ್ವಾಳದ ಹಿಟ್ಟು ಯಾವ ಕತ್ತರಿ ಕೊಡತೈತಿ?' ನಮ್ಮ ಹತ್ತಿರ ಉತ್ತರ ಇರಲಿಲ್ಲ.

ಉತ್ತರ ಹುಡುಕಿದವರು ಆ ಹೆಂಗಸರೇ. ಚಿಕ್ಕೋಡಿ ತಾಲ್ಲೂಕಿನ ಕಬ್ಬೂರಿನ ಸೀತವ್ವ ಜೋಡಟ್ಟಿಯವರನ್ನು ಏಳನೆಯ ವಯಸ್ಸಿಗೇ ದೇವಿಗೆ ಬಿಟ್ಟಿದ್ದರು. 1997ರಲ್ಲಿ ಘಟಪ್ರಭಾದಲ್ಲಿ ಮಾಜಿ ದೇವದಾಸಿಯರೇ ಕೂಡಿ ಕಟ್ಟಿಕೊಂಡ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆಯನ್ನು, ಜನ 'ಮಾಸ್' ಅನ್ನುವ ಆ ಸಂಘವನ್ನು, ಅವರು ಮುನ್ನಡೆಸಿದರು. ಓಣಿ ಓಣಿ ತಿರುಗಿ, ತಮ್ಮ ಕತೆಯನ್ನೇ ಹೇಳಿ, ಉಳಿತಾಯದ ಗುಂಪು ಕಟ್ಟಿ, ಎಮ್ಮೆ-ಆಡು ಕೊಡಿಸಿ, ಮುತ್ತು ಬಿಡಿಸಿದರು. ಮೊದಲು ಹಿಟ್ಟು, ಆಮೇಲೆ ಕತ್ತರಿ. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಗಡಿಯಾಚೆ, ನರೇಂದ್ರ ದಾಭೋಳಕರ 1989ರಲ್ಲಿ ಕಟ್ಟಿದ ಅಂಧಶ್ರದ್ಧಾ ನಿರ್ಮೂಲನ ಸಮಿತಿಯ ಹೆಣ್ಣುಮಕ್ಕಳು ಹಳ್ಳಿಗಳಿಗೆ ಹೋಗಿ, ದಿನಗಟ್ಟಲೆ ಕೂತು ಮಾತಾಡಿ, ಒಪ್ಪಿದ ಮೇಲೆಯೇ ಜಟ ಬಿಡಿಸುತ್ತ ಬಂದಿದ್ದಾರೆ. 2013ರ ಆಗಸ್ಟ್ 20ರಂದು ಪುಣೆಯಲ್ಲಿ ದಾಭೋಳಕರರನ್ನು ಗುಂಡಿಟ್ಟು ಕೊಂದರು, ಕತ್ತರಿ ನಿಲ್ಲಲಿಲ್ಲ.

ನಮ್ಮ ಹರೆಯದ ಹುಡುಗಿಯರ ತಲೆಯಲ್ಲಿ ಈಗ ಜಡೆ ಕಾಣೋದು ಬಹಳ ಕಡಿಮೆ. ನಳ ಬಂದಿದೆ, ಕಿರಾಣಿ ಅಂಗಡಿಯ ಬಾಗಿಲಲ್ಲಿ ಒಂದು ರೂಪಾಯಿಯ ಶಾಂಪೂ ಪುಡಿಕೆಗಳು ತೋರಣದ ಹಂಗ ತೂಗುತ್ತವೆ. ಮೂರು ಸರಕಾರದ ಕಾಯಿದೆಗಳು ಮಾಡದ್ದನ್ನು ಆ ಪುಡಿಕೆ ಸ್ವಲ್ಪ ಮಾಡಿದೆ ಅಂತ ನಾವು ನಗೆಚಾಟಿಕೆ ಮಾಡುತ್ತೇವೆ. ನಗೆಚಾಟಿಕೆ ಪೂರ್ತಿ ಸುಳ್ಳೇನಲ್ಲ. ನೋಡುವ ಕಣ್ಣು ಮಾತ್ರ ಬೇರೆ ಗುರುತು ಹುಡುಕಿಕೊಂಡಿದೆ: ದೇವದಾಸಿಯ ಮಗ ಅರ್ಜಿ ಬರೆಯುವಾಗ ತಂದೆಯ ಹೆಸರಿನ ಜಾಗ ಖಾಲಿ ಬಿಟ್ಟರೆ ಗುಮಾಸ್ತ ತಲೆಯೆತ್ತಿ ಮುಖ ನೋಡುತ್ತಾನೆ. 2025ರಲ್ಲಿ ವಿಧಾನಸಭೆ ಒಪ್ಪಿದ ಹೊಸ ದೇವದಾಸಿ ಮಸೂದೆ ಆ ಖಾಲಿ ಜಾಗಕ್ಕೂ ಹಕ್ಕು ಕೊಟ್ಟಿದೆ. ಗುಮಾಸ್ತನ ಕಣ್ಣು ಯಾವ ಮಸೂದೆಗೆ ಸಿಗುತ್ತದೋ ನೋಡಬೇಕು.

ನಾವು ಪಿಯುಸಿ ಓದುತ್ತಿದ್ದ ವರ್ಷ ದೊಡ್ಡವ್ವನ ತಲೆಯಲ್ಲಿ ಹುಣ್ಣಾಗಿ ಹುಳ ಬಿದ್ದವು. ಡಾಕ್ಟರು ಕತ್ತರಿಸಲೇಬೇಕು ಅಂದರು. ಗಡಿಯಾಚೆಯಿಂದ ಒಬ್ಬ ಕಾರ್ಯಕರ್ತೆ ಬಂದು ಎರಡು ದಿನ ಆಕೆಯ ಮನೆಯಲ್ಲಿಯೇ ಉಂಡು, ಮಲಗಿ, ಮೂರನೆಯ ದಿನ ಕತ್ತರಿ ತೆಗೆದರು. ಹಿಂದಿನ ತಿಂಗಳು ದೊಡ್ಡವ್ವನ ಪಗಾರ, ಅಂದರೆ ಮಾಶಾಸನ, ಮಂಜೂರಾಗಿತ್ತು. ಅದಿಲ್ಲದಿದ್ದರೆ ಆಕೆ ಒಪ್ಪುತ್ತಿರಲಿಲ್ಲ. ಓಣಿಯ ಹೆಂಗಸರು ಬಾಗಿಲ ಹೊರಗೆ ಉಸಿರು ಹಿಡಿದು ನಿಂತಿದ್ದರು. ರಕ್ತ ಬರಲಿಲ್ಲ. ಹಾವು ಬರಲಿಲ್ಲ. ಬಿದ್ದ ಮೂರು ಜಡೆಗಳನ್ನು ಅಂಗಡಿಯ ತಕ್ಕಡಿಯಲ್ಲಿಟ್ಟು ತೂಗಿದೆವು, ಒಂದು ಕಿಲೋಕ್ಕೆ ಸ್ವಲ್ಪ ಕಡಿಮೆ ಇತ್ತು. ದೊಡ್ಡವ್ವ ಕುತ್ತಿಗೆಯನ್ನು ಆ ಕಡೆ ಈ ಕಡೆ ಹೊರಳಿಸಿದಳು, ಚಿಕ್ಕ ಹುಡುಗಿಯ ಹಂಗ. ಆ ರಾತ್ರಿ ಮಗ್ಗುಲಾಗಿ ಮಲಗಿದಳು.

ಜಡೆಗಳನ್ನು ವೇದಗಂಗೆಗೆ ಬಿಟ್ಟು ಬಂದ ಮೇಲೆ ಒಂದು ಮಂಗಳವಾರ ಆಕೆ ಹಳೇ ರೂಢಿಯಂತೆ ಊರೊಳಗೆ ಹೊರಟಳು. ಬೇಡಲಿಕ್ಕಲ್ಲ, ಸುಮ್ಮನೆ ಎಲ್ಲರನ್ನೂ ಮಾತಾಡಿಸಿ ಬರತೇನಿ ಅಂದಳು. ನಾವೂ ಜೊತೆಗೆ ಹೋದೆವು. ತಲೆಯ ಮೇಲೆ ಸೆರಗು, ಹಣೆಗೆ ಕುಂಕುಮ, ಬಿಳಿ ಕೂದಲು ಎರಡು ಬೆರಳುದ್ದ ಬೆಳೆದಿತ್ತು. ನಲವತ್ತು ವರ್ಷ ಕಾಲಿಗೆ ನೀರು ಹಾಕಿಸಿಕೊಂಡ ದೊಡ್ಡ ಮನೆಯ ಮುಂದೆ ನಿಂತು, 'ಅಕ್ಕಾ' ಅಂತ ಕೂಗಿದಳು. ಮನೆಯ ಯಜಮಾನತಿ ಹೊರಗೆ ಬಂದು, ಆಕೆಯ ಮುಖವನ್ನು ಬಹಳ ಹೊತ್ತು ನೋಡಿ, 'ಯಾರಬೇ ನೀ? ಯಾ ಊರು?' ಅಂತ ಕೇಳಿದಳು. ದೊಡ್ಡವ್ವ ತನ್ನ ಹೆಸರು ಹೇಳಿದಳು. ಆ ಹೆಸರು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.